ಮನೆ ಸಾಲವನ್ನು ಅವಧಿಗೆ ಮೊದಲೇ ತೀರಿಸುವುದು ಹೇಗೆ: ಮನೆ ಖರ್ಚಿನ ಲೆಕ್ಕದಿಂದ ಕೊನೆಯ ಕಂತಿನವರೆಗೆ

ಇಪ್ಪತ್ತು ವರ್ಷದ ಮನೆ ಸಾಲ ಮಾಡಿದವರು ಐದು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿ, ಆಮೇಲೊಂದು ದಿನ ಸಾಲದ ಸ್ಟೇಟ್‌ಮೆಂಟ್ ತೆರೆದು ನೋಡಿದರೆ ಎದೆ ಧಸಕ್ಕೆನ್ನುತ್ತದೆ. 30 ಲಕ್ಷ ಸಾಲ, ಬಡ್ಡಿ ಶೇ 9, ಅವಧಿ 20 ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು 26,992. ಐದು ವರ್ಷದಲ್ಲಿ 60 ಕಂತು, ಅಂದರೆ 16.19 ಲಕ್ಷ ನಿಮ್ಮ ಕೈಯಿಂದ ಹೋಗಿದೆ. ಅಸಲು ಕರಗಿದ್ದು ಮಾತ್ರ 3.39 ಲಕ್ಷ. ಇನ್ನೂ 26.61 ಲಕ್ಷ ಬಾಕಿ ನಿಂತಿದೆ.

ಇದರಲ್ಲಿ ಮೋಸವೇನೂ ಇಲ್ಲ, ಲೆಕ್ಕ ಸರಿಯಾಗಿಯೇ ಇದೆ. ಆ ಲೆಕ್ಕ ನಡೆಯುವ ಬಗೆ ಒಮ್ಮೆ ತಲೆಗೆ ಹೋದರೆ, ಅದನ್ನೇ ನಮ್ಮ ಕಡೆಗೆ ತಿರುಗಿಸಿಕೊಳ್ಳುವ ದಾರಿಯೂ ಕಾಣುತ್ತದೆ. ಅದಕ್ಕೆ ದೊಡ್ಡ ಸಂಬಳವೇ ಬೇಕೆಂದಿಲ್ಲ. ಬೇಕಾಗುವುದು ಮನೆಯ ಖರ್ಚಿನ ನಿಜವಾದ ಲೆಕ್ಕ, ಮತ್ತು ಹೆಚ್ಚುವರಿ ಹಣ ಅಸಲಿಗೇ ಹೋಗಿ ಸೇರುವಂತೆ ನೋಡಿಕೊಳ್ಳುವ ಎಚ್ಚರ. ಮುಂದಿನ ಉದಾಹರಣೆಗಳೆಲ್ಲ ಇದೇ 30 ಲಕ್ಷದ ಸಾಲದ ಮೇಲೆ ನಿಂತಿವೆ. ನಿಮ್ಮ ಹಣ ಯಾವ ದೇಶದ್ದೇ ಇರಲಿ, ಮೊತ್ತ ಎಷ್ಟೇ ಇರಲಿ, ಲೆಕ್ಕದ ನಡೆ ಇದೇ.

ಕಂತಿನೊಳಗೆ ಏನಿದೆ

ಪ್ರತಿ ತಿಂಗಳೂ ಬಾಕಿ ಅಸಲಿನ ಮೇಲೆ ಬಡ್ಡಿ ಬೀಳುತ್ತದೆ. ಕಂತಿನಿಂದ ಮೊದಲು ಆ ಬಡ್ಡಿ ಕಳೆದು, ಉಳಿದದ್ದು ಅಸಲಿಗೆ ಸೇರುತ್ತದೆ. ನಮ್ಮ ಉದಾಹರಣೆಯ ಮೊದಲ ತಿಂಗಳು ಬಡ್ಡಿಯೇ 22,500. ಅಸಲಿಗೆ ಸಿಕ್ಕಿದ್ದು 4,492. ಎರಡನೇ ತಿಂಗಳು ಅಸಲು ಅಷ್ಟು ಕಡಿಮೆಯಾದ್ದರಿಂದ ಬಡ್ಡಿ ಚೂರು ಇಳಿಯುತ್ತದೆ, ಅಸಲಿನ ಪಾಲು ಚೂರು ಏರುತ್ತದೆ. ಈ ಏರಿಕೆ ಎಷ್ಟು ನಿಧಾನವೆಂದರೆ ಅರ್ಧ ಅಸಲು ತೀರುವ ಹೊತ್ತಿಗೆ 14 ವರ್ಷ ಆಗಿರುತ್ತದೆ. ಉಳಿದ ಅರ್ಧ ಕೊನೆಯ ಆರು ವರ್ಷದಲ್ಲಿ ತೀರುತ್ತದೆ. 20 ವರ್ಷದಲ್ಲಿ ಕಟ್ಟುವ ಒಟ್ಟು ಬಡ್ಡಿ 34.78 ಲಕ್ಷ, ತಂದ ಸಾಲಕ್ಕಿಂತ ಹೆಚ್ಚು.

ಹೀಗಾಗಿ ಕಂತಿನ ಮೇಲೆ ನೀವು ಹೆಚ್ಚಾಗಿ ಕಟ್ಟುವ ಪ್ರತಿ ಪೈಸೆಯೂ ನೇರವಾಗಿ ಅಸಲನ್ನು ಕಡಿಯುತ್ತದೆ, ಏಕೆಂದರೆ ಆ ತಿಂಗಳ ಬಡ್ಡಿ ಆಗಲೇ ಸಂದಿದೆ. ಕಡಿದ ಅಸಲಿನ ಮೇಲೆ ಸಾಲ ಮುಗಿಯುವವರೆಗೂ ಇನ್ನು ಬಡ್ಡಿ ಬೀಳುವುದಿಲ್ಲ. ಮೊದಲ ವರ್ಷದ ಕೊನೆಗೆ ಒಂದೇ ಒಂದು ಸಲ 1 ಲಕ್ಷ ಹೆಚ್ಚಾಗಿ ಕಟ್ಟಿದರೆ ಸಾಲ 19 ತಿಂಗಳು ಮೊದಲು ಮುಗಿಯುತ್ತದೆ. ಅದೇ 1 ಲಕ್ಷವನ್ನು 15ನೇ ವರ್ಷದ ಕೊನೆಗೆ ಕಟ್ಟಿದರೆ ಉಳಿಯುವುದು ಆರು ತಿಂಗಳಿಗೂ ಕಡಿಮೆ. "ಸಂಬಳ ಏರಲಿ, ಆಮೇಲೆ ದೊಡ್ಡದಾಗಿ ಕಟ್ಟೋಣ" ಎಂದು ಕಾಯುವವರಿಗೆ ನಾನು ತೋರಿಸುವುದು ಈ ಎರಡು ಅಂಕಿಗಳನ್ನೇ.

ನಿಮ್ಮ ಸಾಲಕ್ಕೂ ಇಂಥ ಪಟ್ಟಿ ಮಾಡಿಕೊಳ್ಳಿ. ಎಕ್ಸೆಲ್ ಇರಲಿ, ಬರೆಯುವ ಪುಸ್ತಕವಿರಲಿ, ಐದು ಕಾಲಂ ಸಾಕು: ತಿಂಗಳ ಆರಂಭದ ಬಾಕಿ, ಆ ತಿಂಗಳ ಬಡ್ಡಿ, ಅಸಲಿಗೆ ಹೋದದ್ದು, ಹೆಚ್ಚುವರಿ ಕಟ್ಟಿದ್ದು, ಕೊನೆಯ ಬಾಕಿ. ಬಡ್ಡಿ ಲೆಕ್ಕ ಸುಲಭ: ಬಾಕಿಯನ್ನು ವಾರ್ಷಿಕ ದರದಿಂದ ಗುಣಿಸಿ 1200ರಿಂದ ಭಾಗಿಸಿ. 30 ಲಕ್ಷ, ಶೇ 9 ಹಾಕಿ ನೋಡಿ, 22,500 ಬರುತ್ತದೆ. ಸಾಲ ಕೊಟ್ಟವರು ಕಳಿಸುವ ಪಟ್ಟಿಯಲ್ಲಿ ಹೆಚ್ಚುವರಿ ಪಾವತಿಯ ಕಾಲಂ ಇರುವುದಿಲ್ಲ, ಆದ್ದರಿಂದ ಸ್ವಂತ ಪಟ್ಟಿ ಬೇಕೇ ಬೇಕು.

ಒಂದು ಪೈಸೆ ಹೆಚ್ಚು ಕಟ್ಟುವ ಮೊದಲು ಸಾಲದ ಪತ್ರ ಓದಿ

ಸಹಿ ಹಾಕಿದ ದಿನ ಯಾರೂ ಓದಿರುವುದಿಲ್ಲ. ಈಗ ಓದಿ. ಹುಡುಕಬೇಕಾದದ್ದು ನಾಲ್ಕು ಸಂಗತಿ.

ಬಡ್ಡಿ ದರ ನಿಶ್ಚಿತವೇ, ಬದಲಾಗುವಂಥದ್ದೇ ಎನ್ನುವುದು ಒಂದು. ಅವಧಿಗೆ ಮೊದಲು ಕಟ್ಟಿದರೆ ದಂಡ ಇದೆಯೇ ಎನ್ನುವುದು ಎರಡನೆಯದು. ಇದು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ವ್ಯಕ್ತಿಗಳು ಬದಲಾಗುವ ದರದಲ್ಲಿ ಪಡೆದ ಮನೆ ಸಾಲವನ್ನು ಮೊದಲೇ ತೀರಿಸಿದರೆ ಬ್ಯಾಂಕುಗಳು ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲಿ ಆದೇಶಿಸಿತು. ನಿಶ್ಚಿತ ದರದ ಸಾಲವಾದರೆ ಪತ್ರ ನೋಡಲೇಬೇಕು. ಬ್ರಿಟನ್ನಿನಲ್ಲಿ ನಿಶ್ಚಿತ ದರದ ಅವಧಿಯಲ್ಲಿ ವರ್ಷಕ್ಕೆ ಬಾಕಿಯ ಶೇ 10ರವರೆಗೆ ದಂಡವಿಲ್ಲದೆ ಕಟ್ಟಲು ಬಿಡುವ ಒಪ್ಪಂದಗಳು ಸಾಮಾನ್ಯ. ಅಮೆರಿಕದಲ್ಲಿ 2014ರ ಜನವರಿಯಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಮನೆ ಸಾಲಕ್ಕೆ ಇಂಥ ದಂಡ ಇದ್ದರೂ ಅದು ಮೊದಲ ಮೂರು ವರ್ಷಕ್ಕೆ ಸೀಮಿತ. ಜರ್ಮನಿಯಲ್ಲಿ ಸಾಲದ ಪೂರ್ತಿ ಹಣ ಕೈಸೇರಿ ಹತ್ತು ವರ್ಷವಾದ ಮೇಲೆ, ಆರು ತಿಂಗಳ ಮುಂಚೆ ತಿಳಿಸಿ ದಂಡವಿಲ್ಲದೆ ಹೊರಬರುವ ಹಕ್ಕನ್ನು ಕಾನೂನೇ ಕೊಟ್ಟಿದೆ. ದಂಡವಿಲ್ಲದ ಮಿತಿ ಇದ್ದರೆ, ಆ ಮಿತಿಯೊಳಗೆ ಪ್ರತಿ ವರ್ಷ ಕಟ್ಟುವುದೇ ನಿಮ್ಮ ಯೋಜನೆ.

ಮೂರನೆಯದು, ಬಡ್ಡಿಯನ್ನು ದಿನದ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರೋ, ತಿಂಗಳಿಗೋ, ವರ್ಷಕ್ಕೊಮ್ಮೆಯೋ ಎಂಬುದು. ದಿನದ ಲೆಕ್ಕವಿದ್ದರೆ ಸಂಬಳ ಬಂದ ದಿನವೇ ಹೆಚ್ಚುವರಿ ಹಣ ಕಟ್ಟಿ. ವರ್ಷಕ್ಕೊಮ್ಮೆ ಬಾಕಿ ತೆಗೆಯುವ ಹಳೆಯ ಬಗೆಯ ಸಾಲವಾದರೆ, ನಡುವೆ ಕಟ್ಟಿದ ಹಣಕ್ಕೆ ಆ ವರ್ಷ ಬಡ್ಡಿಯ ಲಾಭವೇ ಸಿಗುವುದಿಲ್ಲ. ಅಂಥ ಸಾಲದಲ್ಲಿ ಹಣವನ್ನು ಠೇವಣಿಯಲ್ಲಿ ಕೂಡಿಟ್ಟು, ಬಾಕಿ ತೆಗೆಯುವ ದಿನಕ್ಕೆ ಸ್ವಲ್ಪ ಮುಂಚೆ ಕಟ್ಟುವುದು ಜಾಣತನ.

ನಾಲ್ಕನೆಯದನ್ನು ನಾನು ಕಳೆದುಕೊಂಡು ಕಲಿತೆ. ಎಂಟು ತಿಂಗಳು ಕಂತಿನ ಜೊತೆಗೆ ಹೆಚ್ಚುವರಿ ಹಣ ಕಳಿಸಿದ್ದೆ. ಬಾಕಿ ಇಳಿಯುತ್ತಿದೆ ಎಂಬ ಖುಷಿಯಲ್ಲಿದ್ದೆ. ಸ್ಟೇಟ್‌ಮೆಂಟ್ ತೆಗೆದರೆ ಅಸಲು ಪಟ್ಟಿಯಲ್ಲಿದ್ದಷ್ಟೇ ಇತ್ತು. ಸಾಲ ಕೊಟ್ಟವರು ಆ ಹಣವನ್ನು "ಮುಂದಿನ ಕಂತುಗಳ ಮುಂಗಡ" ಎಂದು ಪಕ್ಕಕ್ಕೆ ಇಟ್ಟಿದ್ದರು. ಅದಕ್ಕೆ ಬಡ್ಡಿಯೂ ಇಲ್ಲ, ಅಸಲಿಗೆ ಜಮಾವೂ ಇಲ್ಲ. ಪತ್ರ ಬರೆದ ಮೇಲೆ ಅಸಲಿಗೆ ಸೇರಿಸಿದರು, ಆ ಎಂಟು ತಿಂಗಳ ಬಡ್ಡಿ ಮಾತ್ರ ವಾಪಸ್ ಬರಲಿಲ್ಲ. ಆದ್ದರಿಂದ ಮೊದಲ ಹೆಚ್ಚುವರಿ ಪಾವತಿಗೆ ಮುಂಚೆಯೇ ಬರಹದಲ್ಲಿ ತಿಳಿಸಿ: ಇದು ಅಸಲಿನ ಭಾಗಶಃ ಮರುಪಾವತಿ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಅಸಲು ಅಷ್ಟು ಇಳಿದಿದೆಯೇ ಎಂದು ನಿಮ್ಮ ಪಟ್ಟಿಯ ಜೊತೆ ಹೋಲಿಸಿ ನೋಡುವವರೆಗೆ ಎರಡನೇ ಪಾವತಿ ಮಾಡಬೇಡಿ.

ಮನೆಯ ಲೆಕ್ಕ: ಹಣ ಹುಟ್ಟುವ ಜಾಗ

ಹೆಚ್ಚುವರಿ ಕಟ್ಟಲು ಎಷ್ಟು ಸಾಧ್ಯ ಎಂದು ಅಂದಾಜಿನಲ್ಲಿ ಹೇಳಬೇಡಿ. ನಮ್ಮ ಅಂದಾಜು ಯಾವಾಗಲೂ ನಾವು ಬಯಸುವ ಖರ್ಚಿನದು, ಮಾಡಿದ ಖರ್ಚಿನದಲ್ಲ. ಕಳೆದ ಮೂರು ತಿಂಗಳ ಬ್ಯಾಂಕ್ ಪಾಸ್‌ಬುಕ್, ಕಾರ್ಡಿನ ಬಿಲ್, ಮೊಬೈಲಿನಲ್ಲಿ ಕಟ್ಟಿದ ಹಣದ ಪಟ್ಟಿ ಎಲ್ಲವನ್ನೂ ಒಂದೆಡೆ ಇಟ್ಟು ಬರೆಯಿರಿ. ಒಂದು ರಾತ್ರಿಯ ಕೆಲಸ. ಸಂಗಾತಿ ಇದ್ದರೆ ಇಬ್ಬರೂ ಕೂತು ಬರೆಯಿರಿ. ಒಬ್ಬರೇ ಮಾಡಿ ಇನ್ನೊಬ್ಬರಿಗೆ ತೀರ್ಪಿನಂತೆ ಓದಿ ಹೇಳಿದ ಬಜೆಟ್ ಎರಡು ತಿಂಗಳೂ ಬಾಳುವುದಿಲ್ಲ.

ಖರ್ಚನ್ನು ಮೂರು ಗುಂಪು ಮಾಡಿ. ತಪ್ಪಿಸಲಾಗದ್ದು: ಕಂತು, ಊಟ, ವಿದ್ಯುತ್, ನೀರು, ಓಡಾಟ, ಔಷಧ, ಶಾಲೆ. ಮನಸ್ಸು ಮಾಡಿದರೆ ಇಳಿಸಬಹುದಾದದ್ದು: ಹೊರಗಿನ ಊಟ, ಚಂದಾಗಳು, ಬಟ್ಟೆ, ಆನ್‌ಲೈನ್ ಖರೀದಿ. ಮೂರನೆಯದು ವರ್ಷಕ್ಕೆ ಒಂದೆರಡು ಸಲ ಬರುವ ಖರ್ಚು: ವಿಮೆ, ಮನೆ ತೆರಿಗೆ, ವಾಹನದ ರಿಪೇರಿ, ಪ್ರವಾಸ, ಮನೆಗೆ ಬಣ್ಣ. ಈ ಮೂರನೇ ಗುಂಪೇ ಹೆಚ್ಚಿನವರ ಯೋಜನೆಯನ್ನು ಮುರಿಯುವುದು. ನಾಲ್ಕು ತಿಂಗಳು ಚೆನ್ನಾಗಿ ಕಟ್ಟಿರುತ್ತಾರೆ, ಐದನೇ ತಿಂಗಳು ವಿಮೆಯ ಕಂತು ಬರುತ್ತದೆ, ಕಾರ್ಡ್ ಉಜ್ಜುತ್ತಾರೆ, ಅಲ್ಲಿಗೆ ಮುಗಿಯಿತು. ಆ ಖರ್ಚುಗಳನ್ನೆಲ್ಲ ಕೂಡಿ ಹನ್ನೆರಡರಿಂದ ಭಾಗಿಸಿ, ಪ್ರತಿ ತಿಂಗಳು ಅಷ್ಟನ್ನು ಬೇರೆ ಖಾತೆಗೆ ಹಾಕಿಡಿ.

ಒಂದು ಮನೆಯ ಲೆಕ್ಕ ಹೀಗಿರಬಹುದು. ಕೈಗೆ ಬರುವ ಆದಾಯ 85,000. ಕಂತು 27,000. ಮನೆ ನಡೆಸಲು 38,000. ವರ್ಷದ ಖರ್ಚು 96,000, ತಿಂಗಳಿಗೆ 8,000. ಉಳಿಯುವುದು 12,000. ಇದನ್ನೇ ಪೂರ್ತಿ ಸಾಲಕ್ಕೆ ಹಾಕಬೇಕು ಎನಿಸುತ್ತದೆ. ಹಾಕಬೇಡಿ, ಮುಂದಿನ ಭಾಗ ಓದಿ.

ಇಳಿಸುವ ಖರ್ಚಿನ ಬಗ್ಗೆ ಒಂದು ಮಾತು. ದಿನದ ಚಿಕ್ಕ ಸುಖಗಳನ್ನು ಕತ್ತರಿಸಿ ಮನೆಯವರ ಮುಖ ಬಾಡಿಸುವುದಕ್ಕಿಂತ, ಒಮ್ಮೆ ಕೂತು ಬದಲಿಸಿದರೆ ಪ್ರತಿ ತಿಂಗಳು ತಾನಾಗಿ ಉಳಿಯುವ ಖರ್ಚುಗಳನ್ನು ಹಿಡಿಯಿರಿ. ಯಾರೂ ನೋಡದ ಚಂದಾ, ಬೇಕಾದ್ದಕ್ಕಿಂತ ದೊಡ್ಡ ಇಂಟರ್‌ನೆಟ್ ಪ್ಲಾನ್, ಹೋಲಿಸಿ ನೋಡದೆ ನವೀಕರಿಸುತ್ತಾ ಬಂದ ವಾಹನ ವಿಮೆ, ಎರಡನೇ ವಾಹನ. ಇವುಗಳಲ್ಲಿ ಉಳಿದ ಹಣಕ್ಕೆ ಪ್ರತಿದಿನ ಮನಸ್ಸನ್ನು ಬಿಗಿ ಹಿಡಿಯುವ ಕಷ್ಟವಿಲ್ಲ.

ಮೊದಲು ಆಪತ್ತಿನ ಹಣ, ದುಬಾರಿ ಸಾಲ

ಮನೆ ಸಾಲಕ್ಕೆ ಕಟ್ಟಿದ ಹಣ ಗೋಡೆಯೊಳಗೆ ಸೇರಿದಂತೆ. ಕೆಲಸ ಹೋದ ತಿಂಗಳು ಅದನ್ನು ಕಿತ್ತು ತೆಗೆಯಲಾಗದು. ಕಳೆದ ವರ್ಷ ಎರಡು ಲಕ್ಷ ಹೆಚ್ಚು ಕಟ್ಟಿದ್ದೀರಿ ಎಂಬ ಕಾರಣಕ್ಕೆ ಸಾಲ ಕೊಟ್ಟವರು ಈ ತಿಂಗಳ ಕಂತನ್ನು ಮಾಫಿ ಮಾಡುವುದಿಲ್ಲ. ಹಾಗಾಗಿ ಕಂತೂ ಸೇರಿ ಕನಿಷ್ಠ ಮೂರು ತಿಂಗಳ, ಆದಷ್ಟು ಬೇಗ ಆರು ತಿಂಗಳ ಅಗತ್ಯ ಖರ್ಚು ಕೈಗೆಟುಕುವ ಖಾತೆಯಲ್ಲಿರಬೇಕು. ಒಬ್ಬರ ದುಡಿಮೆಯ ಮನೆಯಾದರೆ, ಆದಾಯ ಏರಿಳಿಯುವ ಕಸುಬಾದರೆ ಆರಕ್ಕಿಂತ ಕಡಿಮೆ ಬೇಡ.

ಮೇಲಿನ ಮನೆ ಬಿಗಿ ಹಿಡಿದರೆ ತಿಂಗಳಿಗೆ 57,000ದಲ್ಲಿ ನಡೆಯಬಹುದು. ಮೂರು ತಿಂಗಳಿಗೆ 1.71 ಲಕ್ಷ. ಉಳಿಯುವ 12,000ದಲ್ಲಿ 9,000 ಇದಕ್ಕೆ ಹಾಕಿದರೆ 19 ತಿಂಗಳು ಬೇಕು. ಆ 19 ತಿಂಗಳೂ 2,000 ಸಾಲದ ಅಸಲಿಗೆ, 1,000 ಯಾವ ಲೆಕ್ಕವೂ ಕೇಳದ ಕೈಖರ್ಚಿಗೆ. 2,000 ಚಿಕ್ಕದೇ, ಆದರೆ ಹೆಚ್ಚುವರಿ ಪಾವತಿಯ ಅಭ್ಯಾಸ ಮೊದಲ ತಿಂಗಳೇ ಶುರುವಾಗಬೇಕು. ಮೂರು ತಿಂಗಳ ಹಣ ತುಂಬಿದ ಮೇಲೆ ಪಾಲು ಬದಲಿಸಿ: 5,000 ಅಸಲಿಗೆ, 6,000 ಆಪತ್ತಿನ ಹಣಕ್ಕೆ. ಅದು ಆರು ತಿಂಗಳ ಮಟ್ಟ ಮುಟ್ಟಿದಾಗ ಆ 6,000ವೂ ಅಸಲಿನ ಕಡೆಗೆ ತಿರುಗಲಿ.

ಕ್ರೆಡಿಟ್ ಕಾರ್ಡಿನ ಬಾಕಿ, ವೈಯಕ್ತಿಕ ಸಾಲ ಇದ್ದರೆ ಅವು ಮೊದಲು ಹೋಗಬೇಕು. ಶೇ 9ರ ಸಾಲ ಕಡಿಯುತ್ತಾ ಅದರ ಮೂರು ಪಟ್ಟು ಬಡ್ಡಿಯ ಸಾಲವನ್ನು ಬೆಳೆಯಲು ಬಿಡುವುದು ನಷ್ಟ. ಹಾಗೆಯೇ, ದುಡಿಯುವವರ ಹೆಸರಲ್ಲಿ ಬಾಕಿ ಸಾಲಕ್ಕೆ ಸಮನಾದ ಅವಧಿ ವಿಮೆ (ದುಡಿಯುವವರು ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ಟರ್ಮ್ ಜೀವ ವಿಮೆ) ಇಲ್ಲದಿದ್ದರೆ ಅದನ್ನು ಮಾಡಿಸುವುದು ಯಾವ ಹೆಚ್ಚುವರಿ ಪಾವತಿಗಿಂತಲೂ ಮುಖ್ಯ. ಇದನ್ನು ಮುಂದೂಡಬೇಡಿ.

ಎಷ್ಟು ಕಟ್ಟಿದರೆ ಎಷ್ಟು ವರ್ಷ ಉಳಿಯುತ್ತದೆ

ಕಂತಿನ ಮೇಲೆ ತಿಂಗಳಿಗೆ 3,000 ಮೊದಲಿನಿಂದಲೇ ಹೆಚ್ಚಾಗಿ ಕಟ್ಟಿದರೆ 240 ತಿಂಗಳ ಸಾಲ 186 ತಿಂಗಳಲ್ಲಿ ಮುಗಿಯುತ್ತದೆ. ನಾಲ್ಕೂವರೆ ವರ್ಷ ಮೊದಲು. ಬಡ್ಡಿಯಲ್ಲಿ ಸುಮಾರು 9.1 ಲಕ್ಷ ಉಳಿಯುತ್ತದೆ. 5,000 ಆದರೆ 163 ತಿಂಗಳು, ಉಳಿತಾಯ ಸುಮಾರು 12.8 ಲಕ್ಷ.

ತಿಂಗಳ ಆದಾಯ ಅಷ್ಟು ಸಡಿಲವಿಲ್ಲ, ವರ್ಷಕ್ಕೊಮ್ಮೆ ಬೋನಸ್ ಬರುತ್ತದೆ ಎನ್ನುವವರು ಪ್ರತಿ ವರ್ಷದ ಕೊನೆಗೆ ಒಂದು ಕಂತು ಹೆಚ್ಚಾಗಿ, ಅಂದರೆ ವರ್ಷಕ್ಕೆ ಹದಿಮೂರು ಕಂತು ಕಟ್ಟಬಹುದು. ಮೂರೂವರೆ ವರ್ಷ ಕಡಿಮೆಯಾಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ದಾರಿ ಇನ್ನೊಂದು. ಸಂಬಳ ಏರಿದಂತೆ ಪ್ರತಿ ವರ್ಷ ಕಂತಿಗೆ ಶೇ 5 ಸೇರಿಸುವುದು. ಮೊದಲ ವರ್ಷ 26,992, ಎರಡನೇ ವರ್ಷ 28,342, ಮೂರನೇ ವರ್ಷ 29,759, ಹೀಗೆ. ಇಪ್ಪತ್ತು ವರ್ಷದ ಸಾಲ ಹನ್ನೆರಡು ವರ್ಷ ದಾಟುತ್ತಿದ್ದಂತೆ ಮುಗಿಯುತ್ತದೆ. ಆದಾಯ ಏರಿದ ತಿಂಗಳೇ ಕಂತನ್ನೂ ಏರಿಸಿದರೆ ಹೊಸ ಹಣ ಮನೆ ಖರ್ಚಿಗೆ ಅಂಟಿಕೊಳ್ಳುವ ಮೊದಲೇ ಅಸಲಿಗೆ ಹೋಗಿರುತ್ತದೆ, ಕಳೆದುಕೊಂಡ ಭಾವನೆಯೇ ಬರುವುದಿಲ್ಲ. ಆದಾಯ ಏರದ ವರ್ಷ ಕಂತೂ ನಿಂತಲ್ಲೇ ನಿಲ್ಲಲಿ. ಇದನ್ನು ಒಪ್ಪಂದದ ಕಂತಾಗಿ ಬದಲಿಸಿಕೊಳ್ಳದೆ, ಹಳೆಯ ಕಂತು ಮತ್ತು ಸ್ವಯಂಪ್ರೇರಿತ ಹೆಚ್ಚುವರಿ ಎಂದು ಎರಡು ಭಾಗವಾಗಿಯೇ ಇಟ್ಟುಕೊಳ್ಳಿ. ಕಷ್ಟದ ತಿಂಗಳಲ್ಲಿ ಎರಡನೆಯದನ್ನು ನಿಲ್ಲಿಸಿದರೆ ಯಾರೂ ಕೇಳುವುದಿಲ್ಲ.

ಯಾವ ದಾರಿ ಹಿಡಿದರೂ ಹೆಚ್ಚುವರಿ ಹಣ ತಿಂಗಳ ಮೊದಲಲ್ಲೇ, ಸಂಬಳ ಬಂದ ಮರುದಿನ, ಬ್ಯಾಂಕಿಗೆ ಕೊಟ್ಟ ಸೂಚನೆಯ ಮೇಲೆ ತಾನಾಗಿ ಹೋಗಲಿ. ತಿಂಗಳ ಕೊನೆಗೆ ಉಳಿದರೆ ಕಟ್ಟೋಣ ಎಂದು ಇಟ್ಟುಕೊಂಡ ಹಣ ಉಳಿದದ್ದನ್ನು ನಾನು ಕಂಡಿಲ್ಲ. ಬೋನಸ್, ಹಳೆ ಠೇವಣಿ, ತೆರಿಗೆ ವಾಪಸಾತಿಯಂಥ ಅನಿರೀಕ್ಷಿತ ಹಣಕ್ಕೆ ಮನೆಯಲ್ಲಿ ಮೊದಲೇ ಒಂದು ನಿಯಮ ಮಾಡಿಕೊಳ್ಳಿ. ಅರ್ಧ ಅಸಲಿಗೆ, ಅರ್ಧ ಮನೆಯವರ ಇಷ್ಟಕ್ಕೆ ಎಂಬುದು ನಮ್ಮ ಮನೆಯಲ್ಲಿ ಜಗಳವಿಲ್ಲದೆ ನಡೆದಿದೆ.

ಕಂತು ಇಳಿಸಬೇಡಿ, ಅವಧಿ ಇಳಿಸಿ

ದೊಡ್ಡ ಮೊತ್ತ ಕಟ್ಟಿದಾಗ ಕೇಳುತ್ತಾರೆ: ಕಂತು ಕಡಿಮೆ ಮಾಡಲೇ, ಅವಧಿ ಕಡಿಮೆ ಮಾಡಲೇ? ಕೆಲವು ಕಡೆ ಕೇಳದೆಯೇ ಕಂತು ಇಳಿಸಿಬಿಡುತ್ತಾರೆ. ಮೊದಲ ವರ್ಷದ ಕೊನೆಗೆ ಕಟ್ಟಿದ ಆ 1 ಲಕ್ಷವನ್ನೇ ನೋಡಿ. ಕಂತು ಹಾಗೇ ಉಳಿಸಿ ಅವಧಿ ಇಳಿಸಿದರೆ ಬಡ್ಡಿಯಲ್ಲಿ ಉಳಿಯುವುದು ಸುಮಾರು 4.13 ಲಕ್ಷ. ಅವಧಿ ಹಾಗೇ ಇಟ್ಟು ಕಂತು ಇಳಿಸಿದರೆ ತಿಂಗಳಿಗೆ 917 ಕಡಿಮೆಯಾಗುತ್ತದೆ, ಬಡ್ಡಿಯಲ್ಲಿ ಉಳಿಯುವುದು ಸುಮಾರು 1.09 ಲಕ್ಷ ಮಾತ್ರ. ತಿಂಗಳ ಹಣಕ್ಕೆ ನಿಜವಾಗಿ ಉಸಿರು ಕಟ್ಟುತ್ತಿದ್ದರೆ ಕಂತು ಇಳಿಸುವುದರಲ್ಲಿ ತಪ್ಪಿಲ್ಲ. ಇಲ್ಲವಾದರೆ ಅವಧಿಯನ್ನೇ ಹಿಡಿಯಿರಿ.

ಬದಲಾಗುವ ದರದ ಸಾಲದಲ್ಲಿ ಇದೇ ಮಾತು ತಿರುಗಿ ಹೊಡೆಯುತ್ತದೆ. ದರ ಏರಿದಾಗ ಹಲವು ಕಡೆ ಕಂತು ಮುಟ್ಟದೆ ಅವಧಿಯನ್ನು ಸದ್ದಿಲ್ಲದೆ ಉದ್ದ ಮಾಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಸಾಲದ ಆರಂಭದಲ್ಲೇ ದರ ಶೇ 9ರಿಂದ 10ಕ್ಕೆ ಏರಿ ಕಂತು ಅಷ್ಟೇ ಉಳಿದರೆ 240 ತಿಂಗಳು ಸುಮಾರು 314 ಆಗುತ್ತದೆ. ಆರು ವರ್ಷ ಹೆಚ್ಚು! ಭಾರತದಲ್ಲಿ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ದರ ಬದಲಾದಾಗ ಕಂತು ಏರಿಸುವುದೋ ಅವಧಿ ಹೆಚ್ಚಿಸುವುದೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಕೊಡಬೇಕೆಂದು ಸೂಚಿಸಿತು. ಎಲ್ಲೇ ಇರಿ, ದರ ಬದಲಾದ ಪತ್ರ ಬಂದರೆ ಮೊದಲು ನೋಡಬೇಕಾದದ್ದು ಕಂತನ್ನಲ್ಲ, ಕೊನೆಯ ಕಂತಿನ ದಿನಾಂಕವನ್ನು. ಆದಷ್ಟು ಕಂತನ್ನೇ ಏರಿಸಲು ಹೇಳಿ. ದರ ಇಳಿದಾಗ ಕಂತು ಇಳಿಸಲು ಒಪ್ಪಬೇಡಿ, ಹಳೆಯ ಕಂತೇ ಕಟ್ಟುತ್ತಾ ಹೋಗಿ. ಹೊಸ ಸಾಲಗಾರರಿಗೆ ನಿಮಗಿಂತ ಕಡಿಮೆ ದರ ಕೊಡುತ್ತಿದ್ದರೆ ಕೇಳಿ ಇಳಿಸಿಕೊಳ್ಳಿ. ಒಂದು ಪತ್ರ, ಒಂದು ಸಣ್ಣ ಶುಲ್ಕದಲ್ಲಿ ಆಗುವ ಕೆಲಸ ಎಷ್ಟೋ ಸಲ.

ಯಾವಾಗ ಕೈ ತಡೆಯಬೇಕು

ಹೆಚ್ಚುವರಿ ಪಾವತಿಯಿಂದ ಸಿಗುವ ಲಾಭ ನಿಮ್ಮ ಬಡ್ಡಿ ದರದಷ್ಟೇ, ಆದರೆ ಅದು ಖಚಿತ. ಶೇ 9ರ ಸಾಲ ಕಡಿದರೆ ಶೇ 9ರ ಖಚಿತ ಗಳಿಕೆ, ಉಳಿಸಿದ ಬಡ್ಡಿಗೆ ಆದಾಯ ತೆರಿಗೆಯೂ ಇಲ್ಲ. ಆದರೆ ಬಹಳ ಕಡಿಮೆ ನಿಶ್ಚಿತ ದರಕ್ಕೆ ಸಾಲ ಸಿಕ್ಕಿದ್ದು, ತೆರಿಗೆ ಕಳೆದ ಮೇಲೂ ಸುರಕ್ಷಿತ ಠೇವಣಿಯಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತಿದ್ದರೆ ಠೇವಣಿಯೇ ಮೇಲು. ಕಟ್ಟಿದ ಬಡ್ಡಿಗೆ ತೆರಿಗೆ ರಿಯಾಯಿತಿ ಇರುವ ಕಡೆ ನಿಮ್ಮ ನಿಜವಾದ ದರ ಕಾಗದದ ಮೇಲಿನದಕ್ಕಿಂತ ಕಡಿಮೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಿವೃತ್ತಿಗೆ ನೀವು ಹಾಕಿದಷ್ಟೇ ಹಣವನ್ನು ಕೆಲಸ ಕೊಟ್ಟವರೂ ಹಾಕುವ ಸೌಲಭ್ಯವಿದ್ದರೆ ಅದನ್ನು ಬಿಟ್ಟು ಸಾಲ ಕಟ್ಟುವುದು ತಪ್ಪು. ಕೊನೆಯ ಎರಡು ಮೂರು ವರ್ಷದಲ್ಲಿ ಉಳಿದಿರುವ ಬಡ್ಡಿಯೇ ಕಡಿಮೆ, ಆಗ ಮಗಳ ಓದಿಗೆಂದು ಇಟ್ಟ ಹಣ ಬರಿದು ಮಾಡಿ ಸಾಲ ತೀರಿಸುವ ಆತುರ ಬೇಡ.

ಕೆಲಸದ ಭದ್ರತೆ ಇಲ್ಲದವರಿಗೆ ಒಂದು ಒಳ್ಳೆಯ ನಡುದಾರಿ ಇದೆ. ಉಳಿತಾಯ ಖಾತೆಯನ್ನು ಮನೆ ಸಾಲಕ್ಕೆ ಜೋಡಿಸುವ ಸಾಲಗಳು ಹಲವು ದೇಶಗಳಲ್ಲಿವೆ. 30 ಲಕ್ಷ ಬಾಕಿ ಇದ್ದು, ಜೋಡಿಸಿದ ಖಾತೆಯಲ್ಲಿ 3 ಲಕ್ಷ ಇದ್ದರೆ ಬಡ್ಡಿ ಬೀಳುವುದು 27 ಲಕ್ಷದ ಮೇಲೆ ಮಾತ್ರ. ಬೇಕಾದ ದಿನ ಆ 3 ಲಕ್ಷ ತೆಗೆಯಬಹುದು. ಇಂಥ ಸಾಲಕ್ಕೆ ದರ ಸ್ವಲ್ಪ ಹೆಚ್ಚಿರುವುದುಂಟು, ಖಾತೆಯಲ್ಲಿ ದೊಡ್ಡ ಮೊತ್ತ ನಿಲ್ಲುವವರಿಗೆ ಮಾತ್ರ ಅದು ಲಾಭ.

ನಡುವಿನ ವರ್ಷಗಳು

ಮೊದಲ ವರ್ಷದ ಹುರುಪು ಮೂರನೇ ವರ್ಷಕ್ಕೆ ಇರುವುದಿಲ್ಲ. ಬಾಕಿ ಇನ್ನೂ ಬೆಟ್ಟದಂತೆ ಕಾಣುತ್ತದೆ. ಆಗ ಬಾಕಿಯನ್ನು ನೋಡುವುದು ಬಿಟ್ಟು ಕೊನೆಯ ಕಂತಿನ ತಿಂಗಳನ್ನು ನೋಡಿ. ಪ್ರತಿ ಹೆಚ್ಚುವರಿ ಪಾವತಿಯ ನಂತರ ನಿಮ್ಮ ಪಟ್ಟಿಯಲ್ಲಿ ಸಾಲ ಮುಗಿಯುವ ತಿಂಗಳು ಹಿಂದಕ್ಕೆ ಸರಿಯುತ್ತದೆ, ಅದನ್ನು ಮನೆಯವರಿಗೆಲ್ಲ ಕಾಣುವಂತೆ ಬರೆದಿಡಿ. ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ ಕೂತು ಲೆಕ್ಕ ನೋಡಿ. ಒಂದು ತಿಂಗಳು ತಪ್ಪಿದರೆ ಅದನ್ನು ತುಂಬಲು ಮುಂದಿನ ತಿಂಗಳು ಎರಡರಷ್ಟು ಕಟ್ಟಲು ಹೋಗಬೇಡಿ. ಮತ್ತೆ ಮೊದಲಿನ ಮೊತ್ತದಿಂದಲೇ ನಡೆಯಿರಿ.

ಸಾಲ ಮುಚ್ಚುವ ದಿನ

ಕೊನೆಯ ಮೊತ್ತವನ್ನು ನಿಮ್ಮ ಪಟ್ಟಿ ನೋಡಿ ಕಟ್ಟಬೇಡಿ. ಇಂಥ ದಿನಾಂಕಕ್ಕೆ ಎಷ್ಟು ಕಟ್ಟಿದರೆ ಸಾಲ ಪೂರ್ತಿ ತೀರುತ್ತದೆ ಎಂಬ ಲಿಖಿತ ಪತ್ರ ತರಿಸಿಕೊಳ್ಳಿ, ಆ ದಿನವೇ ಅಷ್ಟನ್ನೇ ಕಟ್ಟಿ. ಕೆಲವು ನೂರು ಬಾಕಿ ಉಳಿದು, ಖಾತೆ ತೆರೆದೇ ಇದ್ದು, ವರ್ಷಗಳ ನಂತರ ದಂಡದ ನೋಟಿಸ್ ಬರುವುದು ಹೀಗೆ ವಿಚಾರಿಸದೆ ಕಟ್ಟಿದಾಗಲೇ.

ಆಮೇಲೆ ಬಾಕಿ ಇಲ್ಲವೆಂಬ ಪತ್ರ. ಸಾಲಕ್ಕೆ ಕೊಟ್ಟಿದ್ದ ಮೂಲ ದಾಖಲೆಗಳನ್ನು, ಕೊಟ್ಟ ದಿನದ ಪಟ್ಟಿ ಹಿಡಿದು ಒಂದೊಂದಾಗಿ, ಪುಟ ಎಣಿಸಿ ವಾಪಸ್ ಪಡೆಯಿರಿ. ಆಸ್ತಿಯ ನೋಂದಣಿಯಲ್ಲಿ ಅಡಮಾನ ದಾಖಲಾಗಿದ್ದರೆ ಅದನ್ನು ತೆಗೆಸಿ, ತೆಗೆದದ್ದಕ್ಕೆ ದಾಖಲೆ ಪಡೆಯಿರಿ. ಇದನ್ನು ಮರೆತವರು ಮನೆ ಮಾರುವ ಹೊತ್ತಿನಲ್ಲಿ ಓಡಾಡುತ್ತಾರೆ. ವಿಮಾ ಪಾಲಿಸಿ ಸಾಲ ಕೊಟ್ಟವರ ಹೆಸರಿಗೆ ಬರೆದುಕೊಟ್ಟಿದ್ದರೆ ಅದನ್ನೂ ನಿಮ್ಮ ಹೆಸರಿಗೆ ತಿರುಗಿಸಿಕೊಳ್ಳಿ. ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿ ತೆಗೆದು ಸಾಲ ಮುಚ್ಚಿದೆ ಎಂದು ನಮೂದಾಗಿದೆಯೇ ನೋಡಿ.

ಮತ್ತು ಕಂತಿಗೆಂದು ಬ್ಯಾಂಕಿಗೆ ಕೊಟ್ಟಿದ್ದ ಸ್ವಯಂ ಕಡಿತದ ಸೂಚನೆಯನ್ನು ರದ್ದು ಮಾಡಿದ ದಿನವೇ, ಅದೇ ತಾರೀಖಿಗೆ ಅದೇ ಮೊತ್ತ ನಿಮ್ಮದೇ ಉಳಿತಾಯಕ್ಕೆ ಹೋಗುವಂತೆ ಹೊಸ ಸೂಚನೆ ಕೊಟ್ಟು ಬನ್ನಿ.